ಹಿಮ್ಮಡಿಯ ಸದ್ದು

ಸರ್... ಟಕ್.

ಸಣ್ಣ ಸದ್ದು. ಪಕ್ಕದ ಮಂಚದಲ್ಲಿ ಅಮ್ಮನ ಗೊರಕೆ ಲಯಕ್ಕೆ ಬಿದ್ದಿತ್ತು. ಆ ಗೊರಕೆಯೆದುರು ಗೋಡೆ ಗಡಿಯಾರವೂ ಸೋತು ಸುಮ್ಮನಾಗುತ್ತದೆ. ಆದರೂ ಅಕ್ಕನಿಗೆ ಎಚ್ಚರವಾಯಿತು. ಅವಳ ನಿದ್ದೆಯೇ ಹಾಗೆ. ಗ್ಯಾಸ್ ಆರಿಸಿದೆನೋ ಇಲ್ಲವೋ, ಚಿಲಕ ಹಾಕಿದೆನೋ ಇಲ್ಲವೋ ಎಂದು ಅರ್ಧ ಮನಸ್ಸು ರಾತ್ರಿಯೆಲ್ಲ ಮನೆಯೊಳಗೆ ಓಡಾಡಿಕೊಂಡೇ ಇರುತ್ತಿತ್ತು.

ಟಕ್.

ತಂಗಿ ಪ್ಯಾಸೇಜಿನಲ್ಲಿ ಚೆಂಡು ತಳ್ಳುತ್ತಿದ್ದಾಳೆ. ಕೆಳಗಿನ ಮನೆಯವರು ಜಗಳಕ್ಕೆ ಬಾರದಿರಲೆಂದು ಹಾಕಿ ಆಟದ ಚೆಂಡಿಗೆ ದಪ್ಪ ಕಾಲುಚೀಲ ತೊಡಿಸುವುದು ಹನ್ನೊಂದನೇ ವಯಸ್ಸಿನಲ್ಲಿ ಅವಳಿಗೆ ಹೊಳೆದ ಉಪಾಯ. ಈಗ ಅವಳಿಗೆ ಮೂವತ್ತಮೂರು. ದೇಶದ ತಂಡದಲ್ಲಿ ಹದಿಮೂರು ವರ್ಷ, ಇನ್ನೂರ ಹದಿನೇಳು ಪಂದ್ಯ, ಎರಡು ಸಲ ಚಾಂಪಿಯನ್ ಪದಕ. ಉಪಾಯ ಮಾತ್ರ ಅದೇ. ಇವತ್ತಿನ ಕಾಲುಚೀಲ ಅಕ್ಕನದೇ ಇರಬೇಕು. ಸಂಜೆಯಿಂದ ಒಂದು ಕಾಣುತ್ತಿರಲಿಲ್ಲ.

ಪ್ಯಾಸೇಜಿನಲ್ಲಿ ಅವಳಿಗೆ ಎರಡೇ ಗುರಿ. ಎಡಗಡೆ ಹತ್ತಿರದಲ್ಲಿ ಚಪ್ಪಲಿ ಗೂಡು, ಬಲಗಡೆ ಕೊನೆಯಲ್ಲಿ ನೀರಿನ ಡ್ರಮ್ಮು. ಗೂಡಿಗೆ ತಾಗಿದರೆ ‘ಢಪ್’, ಡ್ರಮ್ಮಿಗೆ ತಾಗಿದರೆ ‘ಬೊಮ್’. ನಿದ್ದೆ ಹಾರಿಹೋದ ಅಕ್ಕ ಮಲಗಿದಲ್ಲೇ ತನ್ನಷ್ಟಕ್ಕೆ ಒಂದು ಆಟ ಹೂಡಿದಳು. ಸರ್, ಟಕ್. ‘ಇದು ಡ್ರಮ್ಮಿಗೆ’ ಎಂದುಕೊಂಡಳು. ಬೊಮ್. ಟಕ್. ‘ಇದು ಗೂಡಿಗೆ.’ ಢಪ್. ಮತ್ತೆ ಸರ್, ಟಕ್. ಡ್ರಮ್ಮು. ಬೊಮ್.

ಮೊದಮೊದಲು ನಗು ಬಂತು. ಹತ್ತು ದಾಟಿತು, ಹನ್ನೆರಡಾಯಿತು, ಒಂದೂ ತಪ್ಪಲಿಲ್ಲ. ಹದಿಮೂರನೆಯದಕ್ಕೆ ಆಟ ಆಟವಾಗಿ ಉಳಿಯಲಿಲ್ಲ. ಕಣ್ಣು ಮುಚ್ಚಿ ಮಲಗಿರುವ ತನಗೇ ಚೆಂಡು ಹೊರಡುವ ಮೊದಲೇ ಅದು ಎತ್ತ ಹೋಗುತ್ತದೆಂದು ತಿಳಿಯುತ್ತಿದೆ. ಹಾಗಾದರೆ ಕಣ್ಣು ಬಿಟ್ಟುಕೊಂಡು ಎದುರಿಗೆ ನಿಂತವರಿಗೆ?

ತಂಗಿಗೆ ಮನೆಯಲ್ಲೂ ತಂಡದಲ್ಲೂ ಬುಗುರಿ ಎಂದೇ ಹೆಸರು. ಚಿಕ್ಕವಳಿದ್ದಾಗ ಒಂದು ಕಡೆ ನಿಂತವಳಲ್ಲ. ವಿಚಿತ್ರವೆಂದರೆ ಇಂಥವಳ ಪಾಲಿಗೆ ಬಂದದ್ದು ನಿಂತು ಮಾಡುವ ಕೆಲಸ. ಪೆನಾಲ್ಟಿ ಕಾರ್ನರ್ ಸಿಕ್ಕಾಗ ಗೋಲಿನ ಪಕ್ಕದ ಗೆರೆಯ ಮೇಲೆ ಬಗ್ಗಿ ನಿಂತು ಚೆಂಡನ್ನು ಹೊರಕ್ಕೆ ತಳ್ಳಬೇಕು. ದೂರದಲ್ಲಿ ಇಬ್ಬರು ಕಾದಿರುತ್ತಾರೆ, ಒಬ್ಬಳು ಹತ್ತಿರ, ಇನ್ನೊಬ್ಬಳು ಆಚೆ. ಇಬ್ಬರಲ್ಲಿ ಯಾರಿಗೆ ಚೆಂಡು ಹೋಗುತ್ತದೆ ಎಂಬುದು ಗುಟ್ಟು. ಚೆಂಡು ಕದಲಿದ ಕ್ಷಣ ಎದುರಾಳಿಗಳು ಗೋಲಿನೊಳಗಿಂದ ಬಾಣದಂತೆ ನುಗ್ಗುತ್ತಾರೆ. ತಡೆಯುವವಳು ತಡೆದು, ಹೊಡೆಯುವವಳು ಹೊಡೆದು, ಗೋಲಾದರೆ ಪತ್ರಿಕೆಯಲ್ಲಿ ಹೊಡೆದವಳ ಫೋಟೊ. ತಳ್ಳಿದವಳ ಹೆಸರು ಆರನೇ ಸಾಲಿನಲ್ಲೂ ಇರುವುದಿಲ್ಲ. ಹದಿಮೂರು ವರ್ಷದಲ್ಲಿ ಬುಗುರಿ ತಾನೇ ಹೊಡೆದದ್ದು ಮೂರು ಗೋಲು. ತಳ್ಳಿಕೊಟ್ಟದ್ದು ನೂರ ಎಂಬತ್ತಕ್ಕೂ ಮೇಲೆ; ಅಮ್ಮ ಅಷ್ಟನ್ನೂ ಬಾಯಿಪಾಠ ಒಪ್ಪಿಸುತ್ತಾಳೆ.

ಹೋದ ವರ್ಷ ಬಲ ಹಿಮ್ಮಡಿಯ ಮೇಲಿನ ಸ್ನಾಯು ಹರಿಯಿತು. ಆಪರೇಷನ್, ಊರುಗೋಲು, ನಾಲ್ಕು ತಿಂಗಳು ಮನೆ. ಮತ್ತೆ ತಂಡಕ್ಕೆ ಹೋಗಿ ಎಂಟು ತಿಂಗಳಾಯಿತು. ಆ ಎಂಟು ತಿಂಗಳಲ್ಲಿ ಕಾರ್ನರ್‌ಗಳು ಒಂದರ ಮೇಲೊಂದು ಮಣ್ಣುಪಾಲಾಗಿದ್ದವು. ಚೆಂಡು ಎತ್ತ ಹೋದರೂ ಎದುರಾಳಿ ಅಲ್ಲಿಗೇ ಮೊದಲು ಬಂದು ನಿಂತಿರುತ್ತಿದ್ದಳು. ಕೋಚ್ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಅಳೆದು, “ನಿನ್ನ ತಳ್ಳು ನಿಧಾನ ಆಗಿದೆ” ಎಂದಿದ್ದರು. ಮುಂದಿನ ತಿಂಗಳು ದೊಡ್ಡ ಟೂರ್ನಿ. ಹತ್ತು ದಿನ ರಜೆ ಕೊಟ್ಟು ಕಳಿಸಿದ್ದರು. ವಾಪಸ್ ಹೋದ ದಿನವೇ ಪರೀಕ್ಷೆ. ಆಗಲಿಲ್ಲವೆಂದರೆ ಜಾಗ ಹತ್ತೊಂಬತ್ತರ ಒಬ್ಬ ಹುಡುಗಿಗೆ.

ಬುಗುರಿ ಬಂದವಳೇ ಒಂದು ಹಾಳೆಯನ್ನು ಅಕ್ಕನ ಕೈಗಿಟ್ಟಿದ್ದಳು. “ನೀನು ಓದಿದವಳಲ್ವಾ, ತಪ್ಪಿದ್ರೆ ತಿದ್ದಿಕೊಡು.” ತಂಡ ಬಿಡುತ್ತೇನೆಂಬ ಪತ್ರ. ಅಕ್ಕ ಒಂದು ತಪ್ಪನ್ನೂ ತಿದ್ದದೆ ಅದನ್ನು ತನ್ನ ಕೆಲಸದ ಡಬ್ಬಿಯೊಳಗೆ ಇಟ್ಟುಬಿಟ್ಟಿದ್ದಳು. ತಂಗಿ ಆಟ ಬಿಡುವುದು ಅವಳಿಗೆ ಭಯವಲ್ಲ. ಎಂದಾದರೊಂದು ದಿನ ಬಿಡಲೇಬೇಕು. ಆದರೆ ‘ನನ್ನ ಕೈಲಿ ಇನ್ನು ಆಗುವುದಿಲ್ಲ’ ಎಂದು ಬುಗುರಿ ತನ್ನ ಕೈಯಾರೆ ಬರೆದಿದ್ದಳಲ್ಲ, ಆ ಸಾಲನ್ನು ಎರಡನೇ ಸಲ ಓದಲು ಅವಳಿಗಾಗಲಿಲ್ಲ.

ಅಕ್ಕನ ಕೆಲಸ ಬಟ್ಟೆ ಗಿರಣಿಯ ತಪಾಸಣೆ ವಿಭಾಗದಲ್ಲಿ. ಓರೆಯಾದ ಗಾಜಿನ ಟೇಬಲ್ಲು, ಗಾಜಿನ ಕೆಳಗೆ ಟ್ಯೂಬ್‌ಲೈಟು. ನೇಯ್ದ ಬಟ್ಟೆ ಮೇಲಿನ ರೋಲಿನಿಂದ ಇಳಿದು ಬೆಳಕಿನ ಮೇಲೆ ಹರಿಯುತ್ತದೆ. ತಪ್ಪಿದ ಎಳೆ, ಗಂಟು, ಎಣ್ಣೆ ಕಲೆ ಕಂಡರೆ ಕಾಲಡಿಯ ಪೆಡಲ್ ಒತ್ತಿ ನಿಲ್ಲಿಸಿ, ಅಂಚಿಗೆ ಒಂದು ಕೆಂಪು ಬಾಣದ ಸ್ಟಿಕರ್ ಅಂಟಿಸಬೇಕು. ಹದಿನೇಳು ವರ್ಷದಿಂದ ಇದೇ ಕೆಲಸ. ಮನೆಗೆ ಬಂದರೂ ಆ ಕಣ್ಣು ಕೆಲಸ ನಿಲ್ಲಿಸುತ್ತಿರಲಿಲ್ಲ. “ಇವಳ ಕೈಗೆ ಚಂದ್ರನ್ನ ಕೊಟ್ರೂ ಕಲೆ ಹುಡುಕಿ ಬಾಣ ಅಂಟಿಸ್ತಾಳೆ” ಎಂದು ಅಮ್ಮ ನೆಂಟರೆದುರು ಆಡಿಕೊಳ್ಳುತ್ತಿದ್ದಳು.

ಇಷ್ಟು ನೋಡುವ ಅಕ್ಕ ತಂಗಿಯ ಹಿಮ್ಮಡಿಯನ್ನು ಎಂಟು ತಿಂಗಳು ಹೇಗೆ ನೋಡದೆ ಹೋದಳು? ಉತ್ತರ ನಾಚಿಕೆಯದು. ಟಿ.ವಿ.ಯಲ್ಲಿ ಕಾರ್ನರ್ ಬಂದ ಕೂಡಲೇ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಒಮ್ಮೆಯೂ ಪೂರ್ತಿ ನೋಡಿದವಳಲ್ಲ.

ಹೇಳಲೋ ಬೇಡವೋ ಎಂದು ಎರಡು ದಿನ ಒದ್ದಾಡಿದಳು. ಸ್ಟಿಕ್ಕನ್ನು ಒಮ್ಮೆಯೂ ಸರಿಯಾಗಿ ಹಿಡಿಯದವಳು ದೇಶಕ್ಕೆ ಆಡುವವಳಿಗೆ ಏನು ಹೇಳುವುದು? ಹೇಳಿದ್ದು ತಪ್ಪಾಗಿ, ಇದ್ದ ಧೈರ್ಯವೂ ಹೋದರೆ? ಮೂರನೇ ದಿನ ಬೆಳಿಗ್ಗೆ ಚಹಾ ಲೋಟ ಇಡುತ್ತಾ ಬಾಯಿ ಬಿಟ್ಟೇಬಿಟ್ಟಳು.

“ದೂರಕ್ಕೆ ತಳ್ಳುವಾಗ ಬಲಗಾಲು ಹಿಂದಕ್ಕೆ ಎಳೀತೀಯ ನೀನು.”

ಬುಗುರಿ ಲೋಟದಿಂದ ಮುಖ ಎತ್ತಲಿಲ್ಲ. “ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಕೇಳಿಸ್ತು. ಸರ್ ಅನ್ನುತ್ತೆ.”

“ಅಕ್ಕಾ, ಆರು ಜನ ಕೂತು ನನ್ನ ವಿಡಿಯೋ ನೋಡಿದ್ದಾರೆ. ಲ್ಯಾಪ್‌ಟಾಪ್ ಇಟ್ಕೊಂಡು. ನೀನು ಹಾಸಿಗೇಲಿ ಮಲ್ಕೊಂಡು ಕಂಡುಹಿಡಿದ್ಯಾ?”

“ಅವರು ಚೆಂಡು ನೋಡಿರ್ತಾರೆ.”

“ಮತ್ತೇನು ನೋಡ್ಬೇಕು, ನನ್ನ ಮುಖಾನಾ?”

“ಬೆಳಿಗ್ಗೆ ಬೆಳಿಗ್ಗೆ ಶುರುವಾಯ್ತು ನೋಡು” ಎಂದು ಅಮ್ಮ ಅಡುಗೆಮನೆಯಿಂದ ಗದರಿದಳು. “ಅದಕ್ಕೂ ಬಾಣ ಅಂಟಿಸಿದ್ಯೇನೇ?”

ಅಕ್ಕ ಪ್ಯಾಸೇಜಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ಟವೆಲ್ಲನ್ನು ಕಣ್ಣಿಗೆ ಕಟ್ಟಿಕೊಂಡಳು. “ಬಾ. ಹತ್ತು ಸಲ ತಳ್ಳು. ಒಂದು ತಪ್ಪು ಹೇಳಿದ್ರೂ ಇನ್ನು ಹಾಕಿ ಬಗ್ಗೆ ಉಸಿರೆತ್ತಲ್ಲ.”

ಬುಗುರಿಗೆ ನಗು ಬಂತು. ಕಾಲುಚೀಲದ ಚೆಂಡು ತಂದಳು. ಅಮ್ಮನೂ ಸೌಟು ಹಿಡಿದೇ ಬಂದು ನಿಂತಳು.

ಸರ್. “ಡ್ರಮ್ಮು” ಎಂದಳು ಅಕ್ಕ. ಟಕ್, ಬೊಮ್.

“ಒಂದು ಸಲ ಯಾರ ಊಹೆಯಾದ್ರೂ ಸರಿಹೋಗುತ್ತೆ” ಎಂದಳು ಬುಗುರಿ.

“ಗೂಡು.” ಢಪ್.

“ಗೂಡು.” ಢಪ್.

“ಡ್ರಮ್ಮು.” ಬೊಮ್.

ಆರನೆಯದಕ್ಕೆ ಬುಗುರಿಯ ನಗು ನಿಂತಿತು. ಎಂಟನೆಯದಕ್ಕೆ ಬೇಕೆಂದೇ ಬಹಳ ಹೊತ್ತು ಕಾದಳು; ಅಕ್ಕನೂ ಕಾದಳು. ಸರ್. “ಡ್ರಮ್ಮು.” ಹತ್ತಕ್ಕೆ ಹತ್ತು. ಅಮ್ಮನ ಸೌಟಿನಿಂದ ತೊಟ್ಟಿಕ್ಕಿದ್ದು ನೆಲದ ಮೇಲೆ ಬೀಳುತ್ತಿತ್ತು, ಯಾರೂ ಅದನ್ನು ನೋಡಲಿಲ್ಲ.

ಬುಗುರಿ ಅಲ್ಲೇ ಕುಸಿದು ಕುಳಿತು ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಿಮ್ಮಡಿಯ ಮೇಲೆ ಬೆರಳುದ್ದದ ಹೊಲಿಗೆ ಗುರುತು. “ನೋವಾಗ್ತಿತ್ತಲ್ಲ ಆಗ... ದೂರ ತಳ್ಳೋಕೆ ಈ ಕಾಲಿನ ಮೇಲೆ ಭಾರ ಬಿಡ್ಬೇಕು. ಎಲ್ಲಿ ಊರಿದ್ರೆ ನೋವಾಗಲ್ಲ ಅಂತ ಹುಡುಕ್ತಿದ್ದೆ” ಎಂದಳು ಮೆಲ್ಲಗೆ. “ಈಗ ನೋವಿಲ್ಲ ಕಣೇ. ಕಾಲಿಗೆ ಅದು ಗೊತ್ತಾಗಿಲ್ಲ.” ಹೊಲಿಗೆಯ ಮೇಲೆ ಬೆರಳಾಡಿಸುತ್ತಾ, “ಎಂಟು ತಿಂಗಳಿಂದ ಎದುರು ಆಡೋರಿಗೆಲ್ಲ ಗೊತ್ತಿತ್ತು. ನನಗೊಬ್ಬಳಿಗೆ ಗೊತ್ತಿರಲಿಲ್ಲ.”

ಅಕ್ಕ ಟವೆಲ್ ಬಿಚ್ಚಿ ಅದರಲ್ಲೇ ನೆಲ ಒರೆಸಿದಳು. ಸಮಾಧಾನ ಹೇಳುವುದು ಅವಳಿಗೆ ಬರುತ್ತಿರಲಿಲ್ಲ. ಒರೆಸುವುದು ಬರುತ್ತಿತ್ತು.

ಕಾರಣ ಸಿಕ್ಕಿತು, ಇನ್ನೇನು ಸರಿಹೋಯಿತು ಎಂದು ಇಬ್ಬರೂ ಅಂದುಕೊಂಡರು. ಸರಿಹೋಗಲಿಲ್ಲ. ಕಾಲು ಎಳೆಯಬಾರದೆಂದು ನೆನೆದ ಕೂಡಲೇ ಚೆಂಡು ಹಾದಿ ತಪ್ಪುತ್ತಿತ್ತು. ಡ್ರಮ್ಮಿಗೆ ಗುರಿಯಿಟ್ಟದ್ದು ಬಾತ್‌ರೂಮಿನ ಬಾಗಿಲಿಗೆ, ಒಮ್ಮೆ ಅಮ್ಮನ ಕಣಕಾಲಿಗೆ. “ಚಾಂಪಿಯನ್ ಅಂತೆ ಚಾಂಪಿಯನ್ನು! ಮನೇಲಿ ನಡೆದಾಡೋ ಹಾಗಿಲ್ಲ” ಎಂದು ಅಮ್ಮ ಕುಂಟುತ್ತಾ ಹೋದಳು. ಮೂರು ದಿನ ಹೀಗೇ ಕಳೆಯಿತು. ಈಗ ಬುಗುರಿ ಚೆಂಡನ್ನು ನೋಡುತ್ತಿರಲಿಲ್ಲ, ಗುರಿಯನ್ನೂ ನೋಡುತ್ತಿರಲಿಲ್ಲ. ಕಣ್ಣೆಲ್ಲ ಕಾಲಿನ ಮೇಲೆ. ತಿನ್ನುವಾಗಲೂ ಮೇಜಿನ ಕೆಳಗೆ ಬಗ್ಗಿ ನೋಡುವಳು. ಹೇಳದೇ ಇದ್ದಿದ್ದರೆ ಚೆನ್ನಾಗಿತ್ತೇನೋ ಎಂದು ಅಕ್ಕ ಒಳಗೊಳಗೇ ಬೆಂದಳು.

ನಾಲ್ಕನೇ ದಿನ ಗಿರಣಿಯಲ್ಲಿ ಹೊಸ ನಮೂನೆಯ ಬಟ್ಟೆ ಬಂತು. ತಿಳಿ ಬೂದು ಬಣ್ಣ. ಗೇಣು ದೂರ ಹರಿದ ಮೇಲೆ ಒಂದು ದಪ್ಪ ಎಳೆ ಕಂಡಿತು. ಅಕ್ಕ ಪೆಡಲ್ ಒತ್ತಿ ಬಾಣ ಅಂಟಿಸಿದಳು. ಇನ್ನೊಂದು ಗೇಣಿಗೆ ಇನ್ನೊಂದು. ಅದಕ್ಕೂ ಅಂಟಿಸಿದಳು. ಹೀಗೆ ಇಪ್ಪತ್ತಾಗುವಾಗ ಹಿಂದಿನಿಂದ ಮೇಸ್ತ್ರಿಯ ನಗು ಕೇಳಿಸಿತು.

“ಏನಮ್ಮಾ ಇದು, ಬಟ್ಟೆಗೆ ಮೊಡವೆ ಎದ್ದ ಹಾಗೆ ಮಾಡಿಟ್ಟಿದ್ದೀಯ?”

“ದಪ್ಪ ಎಳೆ ಸಾರ್. ಎಲ್ಲಾ ಕಡೆ ಇದೆ.”

“ಎಲ್ಲಾ ಕಡೆ ಇದ್ಮೇಲೆ ಅದು ತಪ್ಪು ಹೇಗಾಗುತ್ತೆ ತಾಯಿ? ಡಿಸೈನ್ ಅದು! ಒಂದು ಕಡೆ ಬಂದಿದ್ರೆ ನಾನೇ ರಿಜೆಕ್ಟ್ ಮಾಡ್ತಿದ್ದೆ. ಕಿತ್ತು ಹಾಕು, ಕಿತ್ತು ಹಾಕು.”

ಒಂದೊಂದಾಗಿ ಕೆಂಪು ಬಾಣ ಕೀಳುತ್ತಾ ಕೂತ ಅಕ್ಕನ ಕೈ ಹನ್ನೊಂದನೆಯದರ ಹತ್ತಿರ ನಿಂತಿತು. ಆ ದಿನ ಬಸ್ಸಿಗೆ ಕಾಯುವಷ್ಟೂ ತಾಳ್ಮೆಯಿಲ್ಲದೆ ಎರಡು ಸ್ಟಾಪು ನಡೆದೇ ಮನೆಗೆ ಬಂದಳು.

“ಎಳೆಯೋದು ಬಿಡಬೇಡ” ಎಂದಳು ಬಾಗಿಲಲ್ಲೇ.

“ಹಾಂ?”

“ಕಾಲು. ಬಿಡಿಸೋಕೆ ಹೋಗಬೇಡ. ಹತ್ತಿರ ತಳ್ಳುವಾಗ್ಲೂ ಎಳೆ. ಎಲ್ಲದಕ್ಕೂ ಎಳೆ. ಪ್ರತಿ ಸಲ ಸರ್ ಅಂದ್ರೆ ಯಾವುದು ಯಾವುದು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?”

ಬುಗುರಿ ಎದ್ದು ಸ್ಟಿಕ್ ತಂದಳು. ಅಕ್ಕ ಬ್ಯಾಗನ್ನೂ ಇಳಿಸದೆ ಗೋಡೆಗೆ ಮುಖ ಮಾಡಿ ನಿಂತಳು. ಸರ್. “ಡ್ರಮ್ಮು.” ಢಪ್. ಅಕ್ಕ ತಪ್ಪಿದ್ದಳು. ಸರ್. “ಗೂಡು.” ಬೊಮ್. ಮತ್ತೆ ತಪ್ಪು. ಹತ್ತರಲ್ಲಿ ಆರು ತಪ್ಪು ಹೇಳಿ, ಜೀವಮಾನದಲ್ಲಿ ತಪ್ಪಿದ್ದಕ್ಕೆ ಅಷ್ಟು ಖುಷಿಪಟ್ಟದ್ದು ಅವಳಿಗೆ ಅದೇ ಮೊದಲು.

ಉಳಿದ ಮೂರು ದಿನ ಆ ಪ್ಯಾಸೇಜಿನಲ್ಲಿ ಸರ್ ಟಕ್ ಬಿಟ್ಟು ಬೇರೆ ಮಾತಿರಲಿಲ್ಲ. ಹೊರಡುವಾಗ ಬುಗುರಿ ಪತ್ರ ಕೇಳಲಿಲ್ಲ, ಅಕ್ಕ ಕೊಡಲೂ ಇಲ್ಲ. ಪರೀಕ್ಷೆಯ ದಿನ ರಾತ್ರಿ ಎರಡೇ ಪದದ ಸಂದೇಶ ಬಂತು: ‘ಜಾಗ ಉಳೀತು.’

ಟೂರ್ನಿ ಶುರುವಾಯಿತು. ಅಕ್ಕ ಈ ಸಲವೂ ಕಾರ್ನರ್ ಬಂದಾಗ ಕಣ್ಣು ಮುಚ್ಚುತ್ತಿದ್ದಳು. ಹಳೆಯ ರೂಢಿ ಅಷ್ಟು ಬೇಗ ಹೋಗುತ್ತದೆಯೇ? ಆದರೆ ಅಮ್ಮನ ಬಾಯಿಂದ ವರದಿ ಬರುತ್ತಿತ್ತು. “ಅಯ್ಯೋ, ಅವರು ಆ ಕಡೆ ಓಡಿದ್ರು, ಚೆಂಡು ಈ ಕಡೆ!” ಎಂಟು ತಿಂಗಳು ಒಣಗಿದ್ದ ಕಾರ್ನರ್‌ಗಳಿಂದ ಆರು ಪಂದ್ಯದಲ್ಲಿ ಐದು ಗೋಲು ಬಂದವು. ತಂಡ ಫೈನಲ್ ಮುಟ್ಟಿತು.

ಫೈನಲ್ ನಡೆದದ್ದು ಕೆಲಸದ ದಿನ ಮಧ್ಯಾಹ್ನ. ಮೇಸ್ತ್ರಿ ದೊಡ್ಡ ಮನಸ್ಸು ಮಾಡಿ ಮಷಿನ್ ನಿಲ್ಲಿಸಿ ಎಲ್ಲರನ್ನೂ ಕ್ಯಾಂಟೀನಿನ ಟಿ.ವಿ. ಮುಂದೆ ಕೂರಿಸಿದ. ಅಕ್ಕನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಓಡಿಹೋಗಲು ದಾರಿಯಿಲ್ಲ. ಮೊದಲ ಮೂರು ಕಾರ್ನರ್‌ಗಳಲ್ಲಿ ಒಂದು ಗೋಲಾಯಿತು, ಒಂದು ಕಂಬಕ್ಕೆ ಬಡಿಯಿತು, ಒಂದನ್ನು ಗೋಲ್‌ಕೀಪರ್ ಒದ್ದು ಹೊರಹಾಕಿದಳು. ಒಂದಕ್ಕೆ ಒಂದು, ಸಮ. ಕೊನೆಗೆ ನಾಲ್ಕು ನಿಮಿಷ ಉಳಿದಿರುವಾಗ ನಾಲ್ಕನೇ ಕಾರ್ನರ್ ಸಿಕ್ಕಿತು.

ಅಕ್ಕ ಕಣ್ಣು ಮುಚ್ಚಲು ಹೋದಳು. ಪಕ್ಕದವಳು ಅವಳ ಎರಡೂ ಕೈ ಹಿಡಿದುಕೊಂಡುಬಿಟ್ಟಳು. “ನಿನ್ನ ತಂಗಿ ಕಣೇ! ನೋಡೇ!”

ನೋಡಿದಳು. ಪರದೆಯ ಮೂಲೆಯಲ್ಲಿ ಉಗುರಿನಷ್ಟು ಬುಗುರಿ, ಬಗ್ಗಿ ನಿಂತಿದ್ದಾಳೆ. ಕಾಲು ಕಾಣುವುದಿಲ್ಲ, ಸದ್ದು ಕೇಳುವ ಮಾತೇ ಇಲ್ಲ. ಚೆಂಡು ಆಚೆಯವಳ ಕಡೆ ಹೊರಟಿತು. ಎದುರಾಳಿಗಳಲ್ಲಿ ಮೊದಲು ನುಗ್ಗಿದವಳು ಹತ್ತಿರದವಳ ಕಡೆ ಒಂದು ಹೆಜ್ಜೆ ಇಟ್ಟು, ತಡವರಿಸಿ, ತಿರುಗುವಷ್ಟರಲ್ಲಿ ಹೊಡೆದಾಗಿತ್ತು. ಗೋಲಿನೊಳಗಿನ ಹಲಗೆಗೆ ಚೆಂಡು ಬಡಿದ ಸದ್ದು ಕ್ಯಾಂಟೀನಿನ ಕಿರುಚಾಟದಲ್ಲಿ ಮುಳುಗಿಹೋಯಿತು. ಮೇಸ್ತ್ರಿ ಜೇಬಿನಿಂದ ಕೆಂಪು ಬಾಣ ತೆಗೆದು ಟಿ.ವಿ.ಯ ಮೇಲೆ, ಬುಗುರಿ ನಿಂತಿದ್ದ ಜಾಗಕ್ಕೆ ಅಂಟಿಸಿದ. “ತಪ್ಪಿಲ್ಲದ ಮಾಲು! ಮೊದಲನೇ ಸಲ ಒಳ್ಳೇದಕ್ಕೆ ಅಂಟಿಸಿದ್ದೀನಿ!”

ರಾತ್ರಿ ಎಂಟಕ್ಕೆ ಫೋನು ಬಂತು. ಹಿಂದೆ ಗದ್ದಲ, ಹಾಡು.

“ಅಕ್ಕಾ! ಕೊನೇದ್ರಲ್ಲಿ ನೋಡಿದ್ಯಾ? ಎಷ್ಟು ಉದ್ದ ಎಳೆದೆ! ಬೇಕಂತಲೇ ಎಳೆದೆ, ಅವಳಿಗೆ ಚೆನ್ನಾಗಿ ಕಾಣ್ಲಿ ಅಂತ. ಪಾಪ, ತಲೆ ಕೆಟ್ಟುಹೋಯ್ತು ಅವಳಿಗೆ.”

“ಸಾಕು, ಗಂಟಲು ಕೂತಿದೆ ನಿಂದು. ಬಿಸಿನೀರು ಕುಡಿ.”

“ಬಿಸಿನೀರಂತೆ! ಹಿಂದಿನಿಂದ ತೆಗೆದ ವಿಡಿಯೋ ಕಳಿಸ್ತೀನಿ, ನಮ್ಮವರೇ ತೆಗೆದಿದ್ದು. ನಾನಂತೂ ನೋಡಲ್ಲ, ಗೆದ್ದಿದ್ದನ್ನ ಯಾರು ನೋಡ್ತಾರೆ. ಕೋಚ್ ಇನ್ನೊಂದು ವರ್ಷ ಇರು ಅಂತಿದ್ದಾರೆ. ನೀನು ನೋಡಿ ಹೇಳು, ಏನಾದ್ರೂ ಇದ್ರೆ.”

ಅಮ್ಮ ಪಕ್ಕದ ಮನೆಗಳಿಗೆ ಸುದ್ದಿ ಹಂಚಲು ಹೋಗಿದ್ದಳು. ಅಕ್ಕ ಅಡುಗೆಮನೆಯ ಮೇಜಿನ ಮೇಲೆ ಫೋನನ್ನು ಕೆಲಸದ ಡಬ್ಬಿಗೆ ಒರಗಿಸಿಟ್ಟು, ಕನ್ನಡಕ ಒರೆಸಿಕೊಂಡು ಕೂತಳು. ಗೋಲಿನ ಹಿಂದಿನಿಂದ ತೆಗೆದ ವಿಡಿಯೋ. ಬುಗುರಿಯ ಕಾಲು ಅಂಗೈಯಲ್ಲಿಟ್ಟಂತೆ ಕಾಣುತ್ತಿತ್ತು. ಮೊದಲನೆಯ ಕಾರ್ನರ್, ಬಲಗಾಲು ಹಿಂದಕ್ಕೆ ಎಳೆಯಿತು. ಎರಡನೆಯದು, ಎಳೆಯಿತು. ಮೂರನೆಯದು, ಎಳೆಯಿತು. ನಾಲ್ಕನೆಯದು.

ಅಕ್ಕ ನಿಲ್ಲಿಸಿದಳು. ಹಿಂದಕ್ಕೆ ಹಾಕಿ ಮತ್ತೆ ನೋಡಿದಳು. ನಿಧಾನ ಮಾಡಿ ನೋಡಿದಳು.

ಕಾಲು ಎಳೆದಿರಲಿಲ್ಲ. ಹಿಮ್ಮಡಿ ಇಟ್ಟಲ್ಲೇ ಗಟ್ಟಿಯಾಗಿ ಊರಿತ್ತು. ಹನ್ನೊಂದು ವರ್ಷದ ಹುಡುಗಿ ಪ್ಯಾಸೇಜಿನಲ್ಲಿ ನಿಲ್ಲುತ್ತಿದ್ದ ಹಾಗೆ, ಆಪರೇಷನ್ನೇ ಆಗಿರದ ಹಾಗೆ. ಚೆಂಡು ಹೋದದ್ದು ದೂರಕ್ಕೆ. ಕಾಲು ಎಳೆಯಲಿಲ್ಲವಲ್ಲ, ಹಾಗಾದರೆ ಹತ್ತಿರಕ್ಕೇ ಎಂದು ಎದುರಾಳಿ ಹುಡುಗಿ ಹಳೆಯ ಲೆಕ್ಕ ನಂಬಿ ಆ ಕಡೆ ಹೆಜ್ಜೆ ಇಟ್ಟಿದ್ದಳು. ಗೋಲಾದದ್ದು ಅಕ್ಕ ಹೇಳಿಕೊಟ್ಟ ಉಪಾಯದಿಂದಲ್ಲ. ಬುಗುರಿ ಆ ಉಪಾಯವನ್ನೂ ಕಾಲನ್ನೂ ಒಟ್ಟಿಗೆ ಮರೆತದ್ದರಿಂದ.

ಅಕ್ಕ ಫೋನನ್ನು ಕವುಚಿಟ್ಟಳು. ಡಬ್ಬಿಯ ಮುಚ್ಚಳ ತೆರೆದಿತ್ತು. ಒಳಗೆ ಕೆಂಪು ಬಾಣಗಳ ಸುರುಳಿ, ಅದರಡಿಯಲ್ಲಿ ಮಡಿಸಿದ ಪತ್ರ. ಕಂಡದ್ದನ್ನು ತೋರಿಸದೆ ಅವಳು ಒಂದು ದಿನವೂ ಕಳೆದವಳಲ್ಲ. ಹೇಳಿದರೆ ಬುಗುರಿ ನಗಬಹುದು. ಆಮೇಲೆ ಮೇಜಿನ ಕೆಳಗೆ ಬಗ್ಗಿ ಮತ್ತೆ ಕಾಲು ನೋಡಿಕೊಳ್ಳುತ್ತಾಳೆ. ಎಳೆದೆನೋ, ಇಲ್ಲವೋ, ಎಳೆಯಲೋ, ಬೇಡವೋ.

ಫೋನು ಮತ್ತೆ ಸದ್ದು ಮಾಡಿತು.

“ನೋಡಿದ್ಯಾ? ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡು, ಆಮೇಲೆ ನಿದ್ದೆ ಕೆಡಿಸಬೇಡ.”

“ಒಂದು ಇದೆ” ಎಂದಳು ಅಕ್ಕ.

ಆ ಕಡೆ ಹಾಡು ಕೂಡ ಸಣ್ಣದಾದಂತಾಯಿತು. “ಏನು?”

“ನನ್ನ ಕಾಲುಚೀಲ. ಒಂದೇ ಹಾಕ್ಕೊಂಡು ಗಿರಣಿಗೆ ಹೋಗೋಕಾಗಲ್ಲ. ಬರುವಾಗ ತಗೊಂಡು ಬಾ.”

“ಅಷ್ಟೇನಾ?”

“ಅಷ್ಟೇ.”

ಬುಗುರಿ ಗೊಗ್ಗರು ದನಿಯಲ್ಲಿ ನಕ್ಕು ಫೋನಿಟ್ಟಳು. ಮೆಟ್ಟಿಲಲ್ಲಿ ಅಮ್ಮನ ಚಪ್ಪಲಿಯ ಸದ್ದು ಕೇಳಿಸಿತು. ಬಂದವಳೇ ವಿಡಿಯೋ ಕೇಳುತ್ತಾಳೆ, ನಾಳೆ ಮೇಸ್ತ್ರಿಯೂ ಕೇಳುತ್ತಾನೆ. ತೋರಿಸಬಹುದು, ಅವರು ನೋಡುವುದು ಚೆಂಡನ್ನು. ಕಾಲಿನ ಮಾತನ್ನು ಮಾತ್ರ ಅಮ್ಮನಿಗಾಗಲಿ, ಮೇಸ್ತ್ರಿಗಾಗಲಿ, ಎಲ್ಲರಿಗಿಂತ ಮೊದಲು ಬುಗುರಿಗಾಗಲಿ ಎಂದೂ ಆಡಬಾರದೆಂದು ಗಟ್ಟಿ ಮಾಡಿಕೊಂಡು, ಅಕ್ಕ ಡಬ್ಬಿಯ ಮುಚ್ಚಳ ಹಾಕಿ ಬಾಗಿಲು ತೆರೆಯಲು ಎದ್ದಳು.